ತಡವಾಗಿ ಬಂದ ಭಯ

ಬೆಳಿಗ್ಗೆ ಇಟ್ಟಮಡುವಿನ ರಸ್ತೆಗಳಲ್ಲಿ ನೀರಿನ ಟ್ಯಾಂಕರ್‌ಗಳ ಓಡಾಟ ಜಾಸ್ತಿ. ಕಳೆದ ತಿಂಗಳು ಅಬ್ಬಾ ನನ್ನನ್ನು ಕಾಲೇಜಿಗೆ ಬಿಡಲು ಹೊರಟಾಗ ಅಂಥದ್ದೊಂದು ಟ್ಯಾಂಕರ್ ಹಿಂದಕ್ಕೆ ಬಂದು ನಮ್ಮ ಸ್ಕೂಟರಿಗೆ ತಗುಲಿತು. ಇಬ್ಬರೂ ಬಿದ್ದೆವು. ಚಕ್ರ ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅಬ್ಬಾರ ಮೊಣಕೈ ತರಚಿತ್ತು, ಅಷ್ಟೇ. ನಾನು ಅಳಲಿಲ್ಲ. ಚಾಚಾಗೆ ಫೋನ್ ಮಾಡಿದೆ, ಮರುದಿನ ಭೌತಶಾಸ್ತ್ರದ ಟೆಸ್ಟ್ ಕೂಡ ಬರೆದೆ. ‘ನನ್ನ ಮಗಳು ಗಟ್ಟಿ’ ಎಂದು ಅಮ್ಮಿ ನೆಂಟರಿಗೆಲ್ಲ ಹೇಳಿದರು.

ಎರಡನೇ ವಾರ ಶುರುವಾಯಿತು ನೋಡಿ. ಟ್ಯಾಂಕರ್ ರಿವರ್ಸ್ ಬರುವ ಪೀಂ ಪೀಂ ಕೇಳಿದರೆ ಅಂಗೈ ಬೆವರುತ್ತಿತ್ತು. ರಾತ್ರಿ ನಿದ್ದೆಯಿಲ್ಲ. ಅಮ್ಮಿ ದುವಾ ಓದಿ ಊದಿದ ನೀರು ಕೊಟ್ಟರು, ಕುಡಿದೆ. ಭಯಕ್ಕಿಂತ ನಾಚಿಕೆಯೇ ಹೆಚ್ಚು. ಬಿದ್ದ ದಿನ ಬಾರದ ಭಯ ಈಗ ಬಂದರೆ ಓದು ತಪ್ಪಿಸಿಕೊಳ್ಳುವ ನಾಟಕ ಅನ್ನುವುದಿಲ್ಲವೇ?

ಜೀವಶಾಸ್ತ್ರದ ಮೇಡಂ ಹಾಗನ್ನಲಿಲ್ಲ. ನಮ್ಮ ಬೆಂಗಳೂರಲ್ಲೇ, ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ನಡೆದ ಪ್ರಯೋಗವೊಂದನ್ನು ಹೇಳಿದರು. ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು ಒಮ್ಮೆ ಮಾತ್ರ, 2 ಗಂಟೆ, ಅಲುಗಾಡದಂತೆ ಹಿಡಿದಿಟ್ಟಿತು. ಮಿದುಳಿನಲ್ಲಿ ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾದಲ್ಲಿ ಮರುದಿನ ನರಕೋಶಗಳ ಜೋಡಣೆ ಹೆಚ್ಚಿರಲಿಲ್ಲ. 10 ದಿನಗಳ ನಂತರ ನೋಡಿದರೆ ಹೆಚ್ಚಿತ್ತು! ಇಲಿಗಳ ಆತಂಕವೂ ಹೆಚ್ಚಿತ್ತು.

ಇದರ ಹಿಂದೆ ಎನ್‌ಎಂಡಿಎ ರಿಸೆಪ್ಟರ್ ಎಂಬ ಪ್ರೋಟೀನ್ ಇದೆ. ಅದು ನರಕೋಶದ ಬಾಗಿಲಿದ್ದಂತೆ. ಗ್ಲುಟಮೇಟ್ ಬಂದು ಕೂತು, ಕೋಶವೂ ಆಗಲೇ ಚುರುಕಾಗಿದ್ದರೆ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಜೋಡಣೆ ಬಲಪಡಿಸುವ ಕೆಲಸ ಅಲ್ಲಿಂದ ಆರಂಭ. ಫರ್ಹಾನಾ ಯಾಸ್ಮಿನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒತ್ತಡದ ಹೊತ್ತಿನಲ್ಲೇ ಅಮಿಗ್ಡಲಾದ ಈ ಬಾಗಿಲನ್ನು ಔಷಧದಿಂದ ಮುಚ್ಚಿದರೆ 10 ದಿನದ ನಂತರದ ಬದಲಾವಣೆ ಆಗುವುದಿಲ್ಲ. ಅಂದರೆ ಬೀಜ ಬಿದ್ದದ್ದು ಮೊದಲ ದಿನವೇ.

ನಾನು ಇಲಿಯಲ್ಲ, ಗೊತ್ತು. ನನ್ನ ತಲೆಯೊಳಗೆ ಇದೇ ನಡೆಯಿತು ಎಂದು ಮೇಡಂ ಕೂಡ ಹೇಳಲಿಲ್ಲ. ಕೌನ್ಸೆಲರ್ ಹತ್ತಿರ ಕಳಿಸಿದರು. ಆದರೂ ಆ ‘10 ದಿನ’ ಕೇಳಿದಾಗ ಎದೆಯ ಭಾರ ಅರ್ಧ ಇಳಿಯಿತು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಅಮ್ಮಿಗೆ ಅಷ್ಟು ಅರ್ಥವಾಗಲಿಲ್ಲ. ಅಬ್ಬಾ ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ‘ನಾನೂ ಆ ರಸ್ತೆ ಬಿಟ್ಟು ಎರಡು ವಾರ ಆಯ್ತು ಬೇಟಾ, ಕತ್ರಿಗುಪ್ಪೆ ಕಡೆಯಿಂದ ಸುತ್ತಿ ಬರ್ತೀನಿ’ ಅಂದರು.