ಕೆಟ್ಟಾಗ ಬೇಕಾದ ವಿವೇಕ

ಯಂತ್ರವು ನಡೆಯುತ್ತಿರುವಾಗ ಅದರ ಇರವನ್ನೇ ಮರೆಯುವುದು, ನಿಂತಾಗ ಅದನ್ನು ಶಪಿಸುವುದು ಲೋಕರೂಢಿ. ಆದರೆ ನಿಂತ ಯಂತ್ರದ ಮುಂದೆ ನಡೆದುಕೊಳ್ಳುವ ರೀತಿಯಲ್ಲಿಯೇ ಮನುಷ್ಯನ ವಿದ್ಯೆಗೆ ಪರೀಕ್ಷೆಯಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನೆಚ್ಚಿದ ಸಿಂಧನೂರು, ಮಸ್ಕಿ ಸೀಮೆಯ ರೈತರ ಎದೆ ನಡುಗಿತು. ಆಗ ಮೊದಲು ಮಾಡಿದ ಕೆಲಸವೆಂದರೆ ಉಳಿದ ಗೇಟುಗಳನ್ನೂ ತೆರೆದು ಒತ್ತಡವನ್ನು ತಗ್ಗಿಸಿದುದು. ಬಳಿಕ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಕಂಡಿಯನ್ನು ಮುಚ್ಚಿದರು. ನೀರನ್ನು ಉಳಿಸುವುದಕ್ಕಾಗಿಯೇ ಮೊದಲು ನೀರನ್ನು ಬಿಟ್ಟುಕೊಟ್ಟ ವಿವೇಕವದು.

ಶಾಲಾ ಕಚೇರಿಯ ಗೋಡೆಗೆ ತಗುಲಿದ ರೂಟರ್ ಎಂಬ ಪುಟ್ಟ ಪೆಟ್ಟಿಗೆ ಅಣೆಕಟ್ಟಲ್ಲ, ನಿಜ. ಆದರೆ ಸಂತೆಕಲ್ಲೂರಿನಂತಹ ಊರಿನಲ್ಲಿ ಪರೀಕ್ಷಾ ನೋಂದಣಿಯ ಕಡೆಯ ದಿನ ಅದು ನಿಂತಿತೆಂದರೆ, ಕೂಲಿಯ ಹಣದಲ್ಲಿ ಶುಲ್ಕ ಕಟ್ಟಿದ ತಂದೆಯ ಮಗಳ ಹೆಸರು ಪಟ್ಟಿಯಿಂದ ಹೊರಗುಳಿಯಬಹುದು. ಇಂತಹ ಗಳಿಗೆಯಲ್ಲಿಯೇ ಕೈ ಆತುರಪಡುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಮೊದಲು ನೋಡಬೇಕು: ಕೆಟ್ಟಿರುವುದು ಒಂದು ಗಣಕವೋ, ಎಲ್ಲವೋ? ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ತಂತಿಯೇ ಕಡಿದಿರುವ ಸಂಭವ ಹೆಚ್ಚು. ರೂಟರನ್ನು ನೂರು ಸಲ ಆರಿಸಿದರೂ ಫಲವಿಲ್ಲ. ಆರಿಸುವುದೇ ಸರಿಯೆನಿಸಿದರೆ, ಕೆಲಸದಲ್ಲಿರುವವರೆಲ್ಲರೂ ಬರೆದುದನ್ನು ಉಳಿಸಿಕೊಳ್ಳುವಂತೆ ತಿಳಿಸಬೇಕು. ಆರಿಸಿದ ಮೇಲೆ ಅರ್ಧ ನಿಮಿಷವಾದರೂ ಕಾಯಬೇಕು. ಒಳಗೆ ಉಳಿದ ವಿದ್ಯುತ್ತು ಬರಿದಾಗಿ, ತೊಡಕಿಗೆ ಸಿಕ್ಕಿದ ತಾತ್ಕಾಲಿಕ ಸ್ಮೃತಿ ಅಳಿಯಲು ಅಷ್ಟು ಸಮಯ ಬೇಕು. ಮೊದಲು ಫೈಬರ್ ಪೆಟ್ಟಿಗೆ, ಅದು ನೆಲೆಗೊಂಡ ಮೇಲೆ ರೂಟರ್, ಕಡೆಗೆ ಗಣಕಗಳು ಎಂಬುದು ಹೊತ್ತಿಸುವ ಕ್ರಮ. ಹಿಂಬದಿಯ ಸಣ್ಣ ರಂಧ್ರದ ಗುಂಡಿಯನ್ನು ಮಾತ್ರ ಒತ್ತಲಾಗದು. ಅದನ್ನು ಒತ್ತಿಹಿಡಿದರೆ ಗುಪ್ತಪದವೂ ಸೇರಿ ಎಲ್ಲ ಹೊಂದಾಣಿಕೆಯೂ ಅಳಿದುಹೋಗುತ್ತದೆ. ಆರಿಸುವುದು ನಿದ್ರೆಯಾದರೆ ಅದು ಪೂರ್ಣ ವಿಸ್ಮೃತಿ.

ದೊಡ್ಡವರಿಗೂ ಈ ನಿಯಮ ತಪ್ಪಿದ್ದಲ್ಲ. 2021ರ ಅಕ್ಟೋಬರ್ 4ರಂದು ನಿರ್ವಹಣೆಯ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಫೇಸ್‌ಬುಕ್, ವಾಟ್ಸಾಪ್‌ಗಳು ಲೋಕದಾದ್ಯಂತ ಸುಮಾರು ಆರು ಗಂಟೆ ಸ್ತಬ್ಧವಾದವು. ದೋಷ ತಿಳಿದ ಮೇಲೆಯೂ ಅಲ್ಲಿಯ ತಂತ್ರಜ್ಞರು ಎಲ್ಲವನ್ನೂ ಒಮ್ಮೆಗೇ ಎಬ್ಬಿಸಲಿಲ್ಲ. ಒಮ್ಮೆಗೇ ನುಗ್ಗುವ ಭಾರದಿಂದ ಮತ್ತೆ ಕುಸಿದೀತೆಂದು ಎಚ್ಚರದಿಂದ ಹಂತಹಂತವಾಗಿ ನಡೆಸಿದರು.

ಇನ್ನೊಂದು ಮಾತು. ಯಾವ ದಿನ ಕೆಟ್ಟಿತು, ಏನು ಕಂಡಿತು, ಏನು ಮಾಡಿದ ಮೇಲೆ ಸರಿಹೋಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಲ್ಲವನೊಬ್ಬನು ವರ್ಗವಾಗಿ ಹೋದೊಡನೆ ಶಾಲೆಯ ಅರಿವೂ ಅವನೊಡನೆ ಹೊರಟುಹೋಗಬಾರದು. ಬೇಸಾಯದ ಅನುಭವವನ್ನು ‘ಕೃಷಿಜ್ಞಾನ ಪ್ರದೀಪಿಕೆ’ಯಾಗಿ ಕನ್ನಡದಲ್ಲಿ ಬರೆದಿಟ್ಟ ಘನಮಠದ ನಾಗಭೂಷಣ ಶಿವಯೋಗಿಗಳ ನೆನಪುಳ್ಳ ಸಂತೆಕಲ್ಲೂರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೈಯ ಅನುಭವವು ಅಕ್ಷರಕ್ಕಿಳಿದಾಗಲೇ ಅದು ಮುಂದಿನವರ ವಿದ್ಯೆಯಾಗುತ್ತದೆ.

ಕೆಡದ ಯಂತ್ರ ಜಗತ್ತಿನಲ್ಲಿಲ್ಲ. ಕೆಟ್ಟಾಗ ನೋಡುವ ಕಣ್ಣು, ಕಾಯುವ ತಾಳ್ಮೆ, ಬರೆದಿಡುವ ಕೈ, ಈ ಮೂರನ್ನೂ ಮಕ್ಕಳಿಗೆ ಕಲಿಸಿದ ಶಾಲೆಯಲ್ಲಿ ದೀಪವು ಆರಿದರೂ ಅರಿವು ಆರದು.