ಹಡಗಲಿಯ ಹಾದಿಯಲ್ಲಿ ಒಂದು ಹಳೆಯ ಪೇಟಿ

ಗದುಗಿನಿಂದ ಮುಂಡರಗಿಯ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿ, ಕೊರ್ಲಹಳ್ಳಿಯ ಬಳಿ ತುಂಗಭದ್ರೆಯ ಸೇತುವೆಯನ್ನು ದಾಟಿದರೆ ಆಚೆಯ ದಡದಲ್ಲಿ ಮದಲಗಟ್ಟಿಯ ಆಂಜನೇಯನ ಸನ್ನಿಧಿ. ಅಲ್ಲಿಂದ ಮುಂದಕ್ಕೆ ಹೂವಿನಹಡಗಲಿಯ ಸೀಮೆ. ಇಂದು ಮೋಟಾರಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟುವ ಈ ಹೊಳೆ 1956ರವರೆಗೆ ಎರಡು ಆಡಳಿತಗಳ ಗಡಿಯಾಗಿತ್ತು. ಗದುಗು, ಮುಂಡರಗಿಗಳು ಮುಂಬಯಿಗೆ ಸೇರಿದ್ದವು. ಹಡಗಲಿಯು ಬಳ್ಳಾರಿ ಜಿಲ್ಲೆಯೊಡನೆ ಮದರಾಸಿನ ಅಧೀನದಲ್ಲಿದ್ದು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 2021ರಿಂದ ಅದು ವಿಜಯನಗರ ಜಿಲ್ಲೆಯ ತಾಲೂಕು. ಆಡಳಿತದ ಗಡಿ ಎಲ್ಲಿದ್ದರೂ ಗಾನಕ್ಕೆ ಗಡಿಯಿರಲಿಲ್ಲ. ನಾಟಕ ಮಂಡಳಿಗಳು, ಕೀರ್ತನಕಾರರು, ಪುರಾಣದ ಗವಾಯಿಗಳು ಈ ಹೊಳೆಯನ್ನು ದಾಟುತ್ತಲೇ ಇದ್ದರು. ಅವರೊಡನೆ ದಾಟಿ ಬಂದ ಒಂದು ಮರದ ಪೆಟ್ಟಿಗೆಯ ವಿಚಾರವನ್ನು ನಾವು ಇಲ್ಲಿ ವಾಚಕರ ಮುಂದಿಡಬೇಕೆಂದಿದ್ದೇವೆ. ಈ ಕಡೆಯ ಜನ ಅದನ್ನು ಪೇಟಿ ಎನ್ನುವರು. ಪುಸ್ತಕದ ಹೆಸರು ಹಾರ್ಮೋನಿಯಂ.

ಹಡಗಲಿಯ ಮಲ್ಲಿಗೆಯನ್ನು ಬಲ್ಲವರಿಗೆ ಊರಿನ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಂದ ಹೂವು ಹಡಗಿನಲ್ಲಿ ವಿಜಯನಗರಕ್ಕೆ ಹೋಗುತ್ತಿತ್ತೆಂದು ಜನ ಹೇಳುವರು. ಕಥೆ ಸೊಗಸಾಗಿದೆ. ಆದರೆ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳು ಇಲ್ಲಿಯೂ ಹಿರೇಹಡಗಲಿಯಲ್ಲಿಯೂ ನಿಂತಿರುವಾಗ ಊರು ವಿಜಯನಗರಕ್ಕಿಂತ ಹಳೆಯದೆಂಬುದು ಸ್ಪಷ್ಟ. ಕಥೆಯನ್ನು ಕಥೆಯಾಗಿಯೇ ಇಟ್ಟುಕೊಳ್ಳುವುದು ಲೇಸು. ಮೈಲಾರ, ಕುರುವತ್ತಿಗಳ ಜಾತ್ರೆಗಳು ಈ ನೆಲದವೇ. ನಾಟಕದ ಹಂಬಲವೂ ಈ ನೆಲಕ್ಕೆ ಹೊಸದಲ್ಲ. ಇಲ್ಲಿಯ ಜನಪ್ರತಿನಿಧಿಯಾಗಿ ರಾಜ್ಯದ ಉಪಮುಖ್ಯಮಂತ್ರಿಗಳೂ ಆಗಿದ್ದ ಎಂ. ಪಿ. ಪ್ರಕಾಶ್ ಅವರು (1940-2011) ಇಲ್ಲಿ ರಂಗಭಾರತಿಯನ್ನು ಕಟ್ಟಿದುದನ್ನು ನಾಡೇ ಬಲ್ಲದು.

ಕಳೆದ ಶ್ರಾವಣದಲ್ಲಿ ಈ ತಾಲೂಕಿನ ಒಂದು ಗ್ರಾಮದ ಮಠದಲ್ಲಿ ಪುರಾಣದ ಮಂಗಲಕ್ಕೆ ನಾವು ಹೋಗಬೇಕಾಯಿತು. ಅಲ್ಲಿ ತಿಂಗಳ ಕಾಲ ಹಾಡಿದ ಗವಾಯಿಗಳು ಹೆಚ್ಚುಕಡಿಮೆ ನಮ್ಮ ವಯಸ್ಸಿನವರು, ಹುಟ್ಟಿನಿಂದ ದೃಷ್ಟಿಯಿಲ್ಲ. ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಆ ಆಶ್ರಮದ ಹಿರಿಮೆಯನ್ನು ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲವಾದರೂ ಒಂದು ಸಂಗತಿಯನ್ನು ನೆನಪಿಸಬೇಕು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ನಡೆಸಿದ ಸಂಗೀತಶಾಲೆ ಮೊದಲು ಸಂಚಾರಿ ಶಾಲೆಯಾಗಿತ್ತು. ಊರೂರು ಅಲೆಯುತ್ತ, ಭಕ್ತರು ನೀಡಿದ್ದನ್ನು ಉಣ್ಣುತ್ತ, ಅಂಧ ಅನಾಥ ಮಕ್ಕಳಿಗೆ ಸ್ವರಜ್ಞಾನವನ್ನು ಕೊಟ್ಟರು. ಶಾಲೆಯ ಹೊಟ್ಟೆ ಹೊರೆಯಲು ನಾಟಕ ಸಂಘವನ್ನೂ ಕಟ್ಟಿದರು. ಅವರ ತರುವಾಯ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು (1914-2010) ಸ್ವತಃ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅವುಗಳಲ್ಲಿ ಪೇಟಿಯೂ ಒಂದು. ಸಂಚಾರವೇ ಬದುಕಾದವರಿಗೆ ವಾದ್ಯವೂ ಸಂಚಾರಕ್ಕೆ ಒಗ್ಗಬೇಕು. ಈ ಗವಾಯಿಗಳ ಪೇಟಿಯನ್ನು ಕಂಡಾಗ ನಮಗೆ ಆ ಮಾತು ತಿಳಿಯಾಯಿತು.

ಪೆಟ್ಟಿಗೆ ತೇಗಿನದು, ಮೂಲೆಗಳಿಗೆ ತಗಡು ಬಡಿದಿದೆ. ಮೇಲಿನ ಬಣ್ಣ ಹೋಗಿ ದಶಕಗಳೇ ಆಗಿವೆ. ಮೂರೂವರೆ ಸಪ್ತಕದ ಮನೆಗಳಲ್ಲಿ ನಾಲ್ಕು ಬಿಳಿಯ ಮನೆಗಳು ಬೇರೊಂದು ಪೇಟಿಯಿಂದ ಬಂದವು, ಸ್ವಲ್ಪ ಹಳದಿ. ಒಂದು ನಾಟಕ ಕಂಪನಿ ಮುಚ್ಚಿದಾಗ ಅದರ ಪೇಟಿ ಮಾಸ್ತರರು ಮುನ್ನೂರು ರೂಪಾಯಿಗೆ ಕೊಟ್ಟರಂತೆ. ಕಂಪನಿಯ ದೊಡ್ಡ ಕಾಲುಪೇಟಿ ಬೇರೆಯವರ ಪಾಲಾಯಿತು. ಅದನ್ನು ಹೊರಲು ಇಬ್ಬರು ಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಾಲಿನಿಂದ ಗಾಳಿಯೊತ್ತಿ, ಎರಡೂ ಕೈಯಿಂದ ನುಡಿಸಿ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುತ್ತಿದ್ದ ವಾದ್ಯವದು. ಅಲೆಯುವ ಗವಾಯಿಗೆ ಕೈಪೇಟಿಯೇ ಗತಿ.

“ಶಾಸ್ತ್ರಿಗಳ, ಇದು ಬಸ್ಸಿನ ಮ್ಯಾಲಿಂದ ಎರಡು ಸಲ ಬಿದ್ದೈತ್ರಿ. ಎರಡೂ ಸಲ ನಾನಽ ಎಬ್ಬಿಸೀನಿ,” ಎಂದರು ಅವರು, ಬಿದ್ದ ಮಗುವಿನ ಮಾತಾಡಿದಂತೆ.

ಎಬ್ಬಿಸುವುದು ಹೇಗೆಂದು ಕೇಳಿದೆವು. ಅವರು ಮೇಲಿನ ಹಲಗೆಯನ್ನು ತೆಗೆದು ನಮ್ಮ ಬೆರಳನ್ನು ಒಳಗೆ ನಡೆಸಿದರು. ಸಾಲಾಗಿ ಹಿತ್ತಾಳೆಯ ತೆಳುವಾದ ನಾಲಗೆಗಳು; ರೀಡು ಎನ್ನುವರು. ಗಾಳಿಯೊತ್ತಿದಾಗ ನಾಲಗೆ ಕಂಪಿಸಿ ಸ್ವರ ಹುಟ್ಟುತ್ತದೆ. ಸ್ವರ ಇಳಿದಿದ್ದರೆ ನಾಲಗೆಯ ತುದಿಯನ್ನು ಅರದಿಂದ ಎಳ್ಳಿನಷ್ಟು ಉಜ್ಜಬೇಕು, ತುದಿ ಹಗುರಾಗಿ ಸ್ವರ ಏರುತ್ತದೆ. ಏರಿದ್ದರೆ ಬುಡದ ಹತ್ತಿರ ಉಜ್ಜಬೇಕು, ಬುಡ ಸಡಿಲಾಗಿ ಸ್ವರ ಇಳಿಯುತ್ತದೆ. ಹೆಚ್ಚು ಉಜ್ಜಿದರೆ ನಾಲಗೆ ಹಾಳು. ಜರ್ಮನಿ, ಪ್ಯಾರಿಸ್‌ಗಳ ಹಳೆಯ ರೀಡುಗಳಿಗೆ ವಾದಕರಲ್ಲಿ ದೊಡ್ಡ ಹೆಸರು. ಗುಜರಾತಿನ ಪಾಲಿತಾಣದ ರೀಡುಗಳೂ ಪ್ರಸಿದ್ಧವೇ. ಇವರ ಪೇಟಿಯಲ್ಲಿ ಮೂರೂ ಬೆರೆತಿವೆ. ಗಾಳಿಚೀಲ ಹರಿದರೆ ತೊಗಲಿನ ಪಟ್ಟಿಯನ್ನು ಕೊಡುವವನು ಊರಿನ ಸಮಗಾರ, ಶರಣ ಹರಳಯ್ಯನವರ ಕಾಯಕದವನು. ಅಂಟು ಬಡಿಗನ ಮನೆಯಲ್ಲಿದೆ. ತಿರುಪು ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಮನೆ ಸಿಕ್ಕಿಕೊಂಡರೆ ಎರಡು ದಿನ ಬಿಸಿಲಿನ ಮಗ್ಗುಲಲ್ಲಿ ಇಟ್ಟರಾಯಿತು. ಯಾವ ಹಳ್ಳಿಯಲ್ಲಿ ಕೆಟ್ಟರೂ ಅಲ್ಲಿಯೇ ಇರುವ ನಾಲ್ಕು ಕೈಗಳು ಅದನ್ನು ಬದುಕಿಸಬಲ್ಲವು. ಅಗ್ಗದ ಹಳೆಯ ಪೇಟಿಯ ಮೇಲೆ ಇವರಿಗಿರುವ ಮೋಹದ ಮರ್ಮ ಇದೇ. ಬೇಕಾದ ಸ್ವರಕ್ಕೆ ಮನೆಗಳನ್ನೇ ಸರಿಸುವ ಹೊಸ ಮಾದರಿಯ ಪೇಟಿಗಳು ಇವೆಯಲ್ಲ ಎಂದೆವು. ಅವು ಭಾರ, ನಾಜೂಕು, ಬೆಲೆಯೂ ಹೆಚ್ಚು. ಅಂಥದನ್ನು ಜೊತೆಗಿಟ್ಟುಕೊಂಡು ಬಸ್‌ನಿಲ್ದಾಣದಲ್ಲಿ ಮಲಗಿದರೆ ನಿದ್ದೆ ಬರುವುದಿಲ್ಲವೆಂದರು.

ವಿದ್ವಾಂಸರು ಈ ವಾದ್ಯವನ್ನು ಬಹುಕಾಲ ಹೊರಗಿಟ್ಟಿದ್ದರು. ಫ್ರಾನ್ಸಿನ ಅಲೆಕ್ಸಾಂಡರ್ ದೆಬೇನ್ ಎಂಬುವನು 1840ರ ದಶಕದಲ್ಲಿ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದನು. ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಗಿ ಮಾರ್ಪಡಿಸಿದರು. ಇದು ಪರದೇಶದ್ದು, ಇದರಲ್ಲಿ ಮೀಂಡು ಬಾರದು, ನಮ್ಮ ಶ್ರುತಿಗಳಿಗೆ ಇದು ಸಲ್ಲದು ಎಂಬ ಆಕ್ಷೇಪಣೆಯಿಂದ ಆಕಾಶವಾಣಿಯು 1940ರಲ್ಲಿ ಇದನ್ನು ನಿಷೇಧಿಸಿತು. ರವೀಂದ್ರನಾಥ ಠಾಕೂರರೂ ಇದನ್ನು ಮೆಚ್ಚಿದವರಲ್ಲ. ಆ ನಿರ್ಬಂಧ ಸಡಿಲಾಗಲು ಮೂರು ದಶಕಗಳು ಬೇಕಾದವು. ಮೀಂಡಿನ ಆಕ್ಷೇಪಣೆ ನಿಜವಾದುದೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾನುಲಿಯ ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿ ಹಳ್ಳಿಯ ಪುರಾಣಕಟ್ಟೆಯಲ್ಲಿ, ನಾಟಕದ ತಗಡಿನ ಥಿಯೇಟರಿನಲ್ಲಿ, ಭಜನೆಯ ಮನೆಯಲ್ಲಿ ಪೇಟಿ ನಿಲ್ಲಲಿಲ್ಲ. ಶ್ರುತಿಯ ವಿಚಾರಕ್ಕೆ ನಮ್ಮ ಗವಾಯಿಗಳ ಉತ್ತರ ಅವರ ಅರವೇ ಆಗಿದೆ. ತಮ್ಮ ಕಂಠ ನಿಲ್ಲುವ ಕರಿ ಎರಡನ್ನು ಷಡ್ಜವಾಗಿಟ್ಟು, ಗಾಂಧಾರ ನಿಷಾದಗಳನ್ನು ತಂಬೂರಿಯೊಡನೆ ಕೇಳಿ ಕೇಳಿ ಉಜ್ಜಿಕೊಂಡಿದ್ದಾರೆ. ಬೇರೆಯವರು ಬೇರೆ ಷಡ್ಜದಲ್ಲಿ ನುಡಿಸಿದರೆ ಅದು ಕಿವಿಗೆ ತುಸು ಕಹಿಯೇ. ಅವರಿಗೆ ಅದರ ಚಿಂತೆಯಿಲ್ಲ.

ಪೇಟಿಯ ಜೊತೆಗಾರ ಒಂದು ಹಳೆಯ ಆಹುಜಾ ಆಂಪ್ಲಿಫಾಯರು ಮತ್ತು ಕಹಳೆಯಾಕಾರದ ಒಂದೇ ಒಂದು ಧ್ವನಿವರ್ಧಕ. ಇದೂ ಯಾರೋ ಬಿಟ್ಟುಕೊಟ್ಟ ವಸ್ತು. ವಿದ್ಯುತ್ತಿನಿಂದಲೂ ನಡೆಯುತ್ತದೆ, ಹನ್ನೆರಡು ವೋಲ್ಟಿನ ಬ್ಯಾಟರಿಯಿಂದಲೂ ನಡೆಯುತ್ತದೆ. ನಾವಿದ್ದ ರಾತ್ರಿ ಪುರಾಣದ ನಡುವೆ ದೀಪ ಹೋಯಿತು. ತಬಲಾ ನುಡಿಸುವ ಹುಡುಗನು ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಸಿಕ್ಕಿಸಿದನು. ಆಲಾಪ ಹೆಚ್ಚು ಹೊತ್ತು ಕಡಿಯಲಿಲ್ಲ. ಆ ಕಹಳೆಯಲ್ಲಿ ಮಂದ್ರದ ಗುಡುಗು ಹೊರಡದು; ಆದರೆ ಮಾತು ಬಲು ಸ್ಪಷ್ಟ, ಸದ್ದು ಊರಿನ ಎಲ್ಲೆಯನ್ನು ಮೀರದು. ಈಚೆಗೆ ನಮ್ಮ ಜಾತ್ರೆಗಳಲ್ಲಿ ಎದೆ ನಡುಗಿಸುವ ಪೆಟ್ಟಿಗೆಗಳ ಗೋಡೆಯನ್ನೇ ಕಟ್ಟುತ್ತಿರುವುದನ್ನು ನೋಡಿದರೆ ಈ ಬಡ ಕಹಳೆಯೇ ಸಭ್ಯವೆನಿಸುತ್ತದೆ.

ಇಂಥ ಮೋಹ ನಮ್ಮವರಿಗೇ ಮೀಸಲಲ್ಲ. ಅಮೆರಿಕದಲ್ಲಿ ಸಿಯರ್ಸ್ ಎಂಬ ಅಂಗಡಿಯವರು 1960ರ ದಶಕದ ಆರಂಭದಲ್ಲಿ ಸಿಲ್ವರ್‌ಟೋನ್ ಹೆಸರಿನ ಅಗ್ಗದ ಗಿಟಾರನ್ನು ಅಂಚೆಯ ಮೂಲಕ ಮಾರುತ್ತಿದ್ದರು. ಅದನ್ನು ಇಡುವ ಪೆಟ್ಟಿಗೆಯ ಒಳಗೇ ಆಂಪ್ಲಿಫಾಯರು! ಮೈ ಒತ್ತುಹಲಗೆಯದು, ತಂತಿಯ ಕಂಪನವನ್ನು ಹಿಡಿಯುವ ಸಾಧನವನ್ನು ಹೆಂಗಸರ ತುಟಿಬಣ್ಣದ ಲೋಹದ ಕೊಳವೆಯಲ್ಲಿ ಕೂಡಿಸಿದ್ದರು. ಕಲಿಯುವ ಮಕ್ಕಳಿಗೆಂದು ಮಾಡಿದ ಆ ವಾದ್ಯವನ್ನು ಇಂದು ಊರೂರು ಸಂಚರಿಸುವ ವಾದಕರು ಹುಡುಕಿ ಕೊಳ್ಳುವರು. ಆ ನಾಡಿನಲ್ಲಿ ನೆಲೆಸಿರುವ ನಮ್ಮ ಶಿಷ್ಯವರ್ಗದ ತರುಣನೊಬ್ಬನು ಇದನ್ನು ತಿಳಿಸಿದಾಗ, ಗವಾಯಿಗಳಿಗೆ ಹೇಳಿದೆವು. ಅವರು ಕೇಳಿದ್ದು ಒಂದೇ: “ಅದರ ಅಂಟು ಬಿಟ್ಟರ ಯಾರು ಹಚ್ಚತಾರ್ರಿ?”

ಮಂಗಲದ ದಿನ ಊರಿನ ದೊಡ್ಡ ಭಕ್ತರೊಬ್ಬರು ಗವಾಯಿಗಳಿಗೆ ಹೊಸ ವಿದ್ಯುತ್ ಕೀಬೋರ್ಡನ್ನು ಕಾಣಿಕೆಯಾಗಿ ಕೊಡಲು ಮುಂದಾದರು. ಸದ್ಭಾವದ ಕಾಣಿಕೆ, ಸಭೆ ಚಪ್ಪಾಳೆ ತಟ್ಟಿತು. ಗವಾಯಿಗಳು ಅದರ ಮೇಲೆ ಬೆರಳಾಡಿಸಿ, ಗಾಂಧಾರವನ್ನು ಎರಡು ಮೂರು ಸಲ ಒತ್ತಿ ಕೇಳಿ, ಕೈಮುಗಿದರು. ಕೆಟ್ಟರೆ ಇದನ್ನು ಬೆರಳಿನಿಂದ ನೋಡಲು ತಮಗೆ ಬಾರದು, ಇದಕ್ಕೆ ನಗರಕ್ಕೇ ಹೋಗಬೇಕು. ಇದನ್ನು ಊರಿನ ಶಾಲೆಯ ಮಕ್ಕಳಿಗೆ ಕೊಡಿ, ತಮಗೆ ಒಂದು ಬ್ಯಾಟರಿಯನ್ನೂ ಗಾಳಿಚೀಲಕ್ಕೆ ತೊಗಲನ್ನೂ ಕೊಡಿಸಿ ಎಂದರು. ಕೆಲವರಿಗೆ ಇದು ಉದ್ಧಟತನವೆಂದು ತೋರಿತು. ಭಕ್ತರು ಮಾತ್ರ ನಕ್ಕು ಎರಡನ್ನೂ ಒಪ್ಪಿದರು.

ಗವಾಯಿಗಳ ಅಳಲು ಬೇರೆಡೆ ಇದೆ. ಹಿಂದೆ ಕಂಪನಿಗಳು ಮುಚ್ಚಿದಾಗ ಪೇಟಿಗಳು ಅಗ್ಗವಾಗಿ ಅಲೆಮಾರಿಗಳ ಕೈ ಸೇರುತ್ತಿದ್ದವು. ಈಗ ಹಳೆಯ ಸಾಮಾನಿನ ವ್ಯಾಪಾರಿಗಳು ಹಳ್ಳಿಗೆ ಬಂದು ಅಟ್ಟದ ಮೇಲಿನ ಪೇಟಿಗಳನ್ನು ಕೊಂಡೊಯ್ದು, ಹೋಟೆಲಿನ ಪಡಸಾಲೆಯ ಅಲಂಕಾರಕ್ಕೆ ಮಾರುವರಂತೆ. ಇವರ ಪೇಟಿಗೂ ಒಬ್ಬನು ಎಂಟು ಸಾವಿರ ಹೇಳಿದ್ದನು. ಅಲಂಕಾರಕ್ಕೆ ನಿಂತ ಪೇಟಿಯ ಬೆಲೆ ಏರಿದಷ್ಟೂ ಆಶ್ರಮದಿಂದ ಹೊರಬೀಳುವ ಬಡ ಹುಡುಗನಿಗೆ ಅದು ದೂರವಾಗುತ್ತದೆ. ರೀಡನ್ನು ಕಿವಿಯಿಂದ ಕೇಳಿ ಉಜ್ಜುವವರೂ ವಿರಳವಾಗುತ್ತಿದ್ದಾರೆ. ಅದಕ್ಕಾಗಿ ತಮ್ಮ ತಬಲಾ ಹುಡುಗನಿಗೆ ಅರವನ್ನು ಕೊಟ್ಟು, ಬಿಡಿ ರೀಡುಗಳ ಮೇಲಲ್ಲ, ತಮ್ಮ ಪೇಟಿಯ ಮೇಲೆಯೇ ಕಲಿಸುತ್ತಿದ್ದಾರೆ. ಬಿಡಿ ರೀಡು ಕೆಟ್ಟರೆ ಅವನಿಗೆ ನೋವಾಗದೆಂಬುದು ಅವರ ವಾದ. ಹುಡುಗನು ಈವರೆಗೆ ಎರಡು ರೀಡುಗಳನ್ನು ಕೆಡಿಸಿದ್ದಾನೆ. ಮಂದ್ರದ ಪಂಚಮವೊಂದನ್ನು ಸರಿಪಡಿಸಿದ್ದಾನೆ. ಅದನ್ನು ಗವಾಯಿಗಳು ನಮಗೆ ಮೂರು ಸಲ ಒತ್ತಿ ಕೇಳಿಸಿದರು.