ಗೋಧಿ ಒಗ್ಗದ ಮಗು

ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳನ್ನು ಎತ್ತರಕ್ಕೆ ಅನುಗುಣವಾಗಿ ಸಾಲಾಗಿ ನಿಲ್ಲಿಸುವುದು ನಮ್ಮ ಧರ್ಮಕೇಂದ್ರದಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಕೆಲವು ವರ್ಷಗಳ ಹಿಂದೆ ಹಾಗೆ ನಿಲ್ಲಿಸಿದಾಗ ಸಾಲಿನ ಮೊದಲಿಗೆ ಬಂದವಳು ಹತ್ತು ವರ್ಷದ ಒಬ್ಬ ಹುಡುಗಿ. ಅವಳ ಹಿಂದೆ ನಿಂತ ಎಂಟು ವರ್ಷದ ಮಕ್ಕಳೂ ಅವಳಿಗಿಂತ ಎತ್ತರವಾಗಿದ್ದರು. ಬಿಳಿಚಿದ ಮುಖ, ಕಡ್ಡಿಯಂಥ ಕೈಕಾಲು, ಅದಕ್ಕೆ ಹೊಂದದ ಉಬ್ಬಿದ ಹೊಟ್ಟೆ. ಆದರೆ ಜಪಗಳನ್ನೆಲ್ಲ ಮೊದಲು ಬಾಯಿಪಾಠ ಮಾಡಿ ಒಪ್ಪಿಸಿದವಳು ಅವಳೇ.

ಒಂದು ಭಾನುವಾರ ಬಲಿಪೂಜೆಯ ನಂತರ ಅವಳ ತಾಯಿಯನ್ನು ಕರೆದು, ನಾಲ್ಕು ಜನರ ಮುಂದೆಯೇ, "ಏನಮ್ಮ, ಮಗುವಿಗೆ ಹೊಟ್ಟೆ ತುಂಬ ಊಟ ಹಾಕುವುದಿಲ್ಲವೇ?" ಎಂದು ಕೇಳಿಬಿಟ್ಟೆ. ಆಕೆ ತಲೆ ತಗ್ಗಿಸಿ, "ಹಾಕ್ತೀನಿ ಫಾದರ್, ತಿಂದದ್ದು ಮೈಗೆ ಹತ್ತಲ್ಲ" ಎಂದಳು. ನಾನು ನಂಬಲಿಲ್ಲ. ಬಡತನ ಮರೆಮಾಚುತ್ತಿದ್ದಾಳೆ ಎಂದುಕೊಂಡೆ. ಅಂದೇ ಸಂಜೆ ಧರ್ಮಭಗಿನಿಯೊಬ್ಬರ ಕೈಯಲ್ಲಿ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯ ಡಬ್ಬವನ್ನೂ ಕೆಲವು ಪೊಟ್ಟಣ ಗೋಧಿ ಬಿಸ್ಕತ್ತನ್ನೂ ಅವರ ಮನೆಗೆ ಕಳುಹಿಸಿದೆ. ಒಂದು ಸತ್ಕಾರ್ಯ ಮಾಡಿದೆನೆಂಬ ತೃಪ್ತಿಯಿಂದ ಆ ರಾತ್ರಿ ಮಲಗಿದೆ.

ಆ ತಾಯಿ ಸುಳ್ಳು ಹೇಳಿರಲಿಲ್ಲ. ಮಗುವಿಗೆ ಜಂತುಹುಳುವಿನ ಮಾತ್ರೆ ಕೊಡಿಸಿದ್ದಳು, ದೃಷ್ಟಿ ತೆಗೆಸಿದ್ದಳು, ಎರಡು ವರ್ಷ ಕಬ್ಬಿಣಾಂಶದ ಟಾನಿಕ್ ಕುಡಿಸಿದ್ದಳು. ರಕ್ತ ಮಾತ್ರ ಏರಿರಲಿಲ್ಲ. ಗೋಧಿ ತಿಂದರೆ ಶಕ್ತಿ ಬರುತ್ತದೆಂದು ಯಾರೋ ಹೇಳಿದ ಮೇಲೆ ಅನ್ನ ಬಿಡಿಸಿ ದಿನವೂ ಚಪಾತಿ ಮಾಡಿ ತಿನ್ನಿಸುತ್ತಿದ್ದಳು. ಕೊನೆಗೆ ನಗರದ ಮಕ್ಕಳ ವೈದ್ಯರೊಬ್ಬರು ರಕ್ತದಲ್ಲಿ ಒಂದು ಬಗೆಯ ಪ್ರತಿಕಾಯವನ್ನು ಪರೀಕ್ಷಿಸಿ, ನಳಿಕೆ ಇಳಿಸಿ ಸಣ್ಣ ಕರುಳಿನ ಚೂರನ್ನು ತೆಗೆದು ನೋಡಿ, ಇದು ಸೀಲಿಯಾಕ್ ಕಾಯಿಲೆ ಎಂದು ತಿಳಿಸಿದರು.

ವರದಿ ಹಿಡಿದು ಬಂದ ಆಕೆ ನನ್ನ ಕೋಣೆಯಲ್ಲಿ ಕುಳಿತು, "ಇಷ್ಟು ವರ್ಷ ಇವಳಿಗೆ ನಾನೇ ಕೈಯಾರೆ ವಿಷ ಹಾಕಿದೆನಾ ಫಾದರ್?" ಎಂದು ಅತ್ತಳು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕಳುಹಿಸಿದ ಬಿಸ್ಕತ್ತಿನಲ್ಲಿ ಇದ್ದದ್ದು ಗೋಧಿ. ಮಾಲ್ಟ್ ಪುಡಿಯಲ್ಲಿ ಜವೆಗೋಧಿ. ಎರಡೂ ಆ ಮಗುವಿಗೆ ವರ್ಜ್ಯ.

ಆ ಬಳಿಕ ವೈದ್ಯರನ್ನು ಕೇಳಿ, ಓದಿ, ಈ ಕಾಯಿಲೆಯನ್ನು ಅರ್ಥಮಾಡಿಕೊಂಡೆ. ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟುಗುಣದ ಸಸಾರಜನಕವಿದೆ. ಹುಟ್ಟಿನಿಂದಲೇ ಇಂಥ ಪ್ರವೃತ್ತಿ ಇರುವ ಕೆಲವರಲ್ಲಿ, ಅದನ್ನು ತಿಂದಾಗ ದೇಹದ ರಕ್ಷಣಾವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತು ಆಹಾರದ ಸಾರವನ್ನು ಹೀರುವ ಸೂಕ್ಷ್ಮ ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಕಬ್ಬಿಣ, ಸುಣ್ಣದಂಶ, ಕೊಬ್ಬು, ಜೀವಸತ್ವಗಳು ಬಂದ ದಾರಿಯಲ್ಲೇ ಹೊರಟುಹೋಗುತ್ತವೆ. ಕೆಲವು ಮಕ್ಕಳಲ್ಲಿ ಭೇದಿ, ಹೊಟ್ಟೆಯುಬ್ಬರ ಕಾಣುತ್ತದೆ. ಕೆಲವರಲ್ಲಿ ಬೆಳೆಯದ ಎತ್ತರ, ಟಾನಿಕ್ಕಿಗೆ ಬಗ್ಗದ ರಕ್ತಹೀನತೆ ಇವೇ ಗುರುತು. ಗೋಧಿ ಹೆಚ್ಚಾಗಿ ಉಣ್ಣುವ ಉತ್ತರ ಭಾರತದಲ್ಲಿ ಇದು ಹೆಚ್ಚು. ನಮ್ಮ ಕಡೆ ಅಪರೂಪ. ಅಪರೂಪವಾದ್ದರಿಂದಲೇ ಯಾರ ಮನಸ್ಸಿಗೂ ಬೇಗ ಹೊಳೆಯುವುದಿಲ್ಲ.

ಗೋಧಿಯೇ ಕಾರಣವೆಂದು ಜಗತ್ತಿಗೆ ತಿಳಿದ ಬಗೆ ನನ್ನನ್ನು ಬಹುಕಾಲ ಕಾಡಿತು. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ವಿವರಿಸಿ, ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದು ಹೇಳಿದ್ದರು. ಯಾವ ಪಥ್ಯವೆಂಬುದು ತಿಳಿದಿರಲಿಲ್ಲ. ಹಾಲೆಂಡಿನ ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ವಿಲ್ಲೆಮ್ ಡಿಕ್ಕೆ ಎಂಬ ವೈದ್ಯರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಸಂಶಯವಿತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ಕಾರಣ ಆ ದೇಶದಲ್ಲಿ ಘೋರ ಕ್ಷಾಮ ಬಂತು. ರೊಟ್ಟಿ ಸಿಗದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು! ಮತ್ತೆ ರೊಟ್ಟಿ ಬಂದಾಗ ಊರು ಚೇತರಿಸಿಕೊಂಡಿತು. ಆ ಮಕ್ಕಳು ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಡಿಕ್ಕೆಯವರು ತಮ್ಮ ಪ್ರಬಂಧದಲ್ಲಿ ಇದನ್ನು ನಿರೂಪಿಸಿದರು. ಎಲ್ಲರಿಗೂ ಪ್ರಾಣವಾದದ್ದು ಒಬ್ಬನಿಗೆ ಕಂಟಕವಾಗಬಲ್ಲದು ಎಂಬ ಮಾತನ್ನು ರೊಟ್ಟಿಯ ಕುರಿತು ಪ್ರಬೋಧನೆ ಮಾಡುವ ನಾನು ಎಂದೂ ಯೋಚಿಸಿರಲಿಲ್ಲ.

ಇಂದಿಗೂ ಈ ಕಾಯಿಲೆಗೆ ಆಹಾರವೇ ಔಷಧ; ಅದೂ ಜೀವಮಾನವಿಡೀ. ಇಲ್ಲಿ ನಮ್ಮ ನೆಲ ನಮ್ಮ ಕೈಹಿಡಿಯಿತು. ಅಕ್ಕಿ, ರಾಗಿ, ಜೋಳ, ನವಣೆ ಇವುಗಳಲ್ಲಿ ಆ ಅಂಟು ಇಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದ್ದು ಎಲುಬು ಬೆಳೆಯಬೇಕಾದ ಮಗುವಿಗೆ ಅದಕ್ಕಿಂತ ಒಳ್ಳೆಯದು ಏನಿದೆ? ಬೇಳೆ, ಮೊಟ್ಟೆ, ಮೀನು, ಸೊಪ್ಪು ಎಲ್ಲವೂ ಆಗುತ್ತದೆ. ಆದರೆ ಗೋಧಿ ಅಡಗಿ ಕೂರುವ ಜಾಗಗಳು ಹಲವು. ರವೆಯೂ ಗೋಧಿ, ಮೈದಾವೂ ಗೋಧಿ, ಅಂಗಡಿಯ ಶಾವಿಗೆ ಬಹುಪಾಲು ಗೋಧಿ. ಇಂಗಿಗೂ ಅನೇಕ ಕಡೆ ಗೋಧಿಹಿಟ್ಟು ಬೆರೆಸುತ್ತಾರೆ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಅದೇ ಕಲ್ಲಿಗೆ ರಾಗಿ ಸುರಿದರೆ ಆ ಹಿಟ್ಟೂ ಕೆಟ್ಟಂತೆಯೇ. ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ನಿಯಮ. ಹಾಗಿರುವಾಗ ಒಂದು ಚಿಟಿಕೆಯೂ ಹೆಚ್ಚೇ. ಆ ತಾಯಿ ಮನೆಗೆ ಒಂದು ಸಣ್ಣ ಬೀಸುವ ಯಂತ್ರ ಕೊಂಡು, ಮಗಳ ಪಾತ್ರೆ ತವೆಗಳನ್ನು ಬೇರೆ ಇಟ್ಟಳು.

ಹಬ್ಬಕ್ಕೆ ಆರು ವಾರ ಉಳಿದಿದ್ದಾಗ ಆಕೆ ಇನ್ನೊಂದು ಪ್ರಶ್ನೆ ತಂದಳು. "ಫಾದರ್, ಪರಮಪ್ರಸಾದವೂ ಗೋಧಿಯದಲ್ಲವೇ?"

"ಒಂದು ಚೂರಿಗೆ ಏನೂ ಆಗದು, ದೇವರ ಮೇಲೆ ಭಾರ ಹಾಕು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೊದಲೊಮ್ಮೆ ಯೋಚಿಸದೆ ಆಡಿದ ಮಾತು ನೆನಪಾಗಿ ತಡೆದುಕೊಂಡೆ. ಗುರುಮಠದಲ್ಲಿ ಕಲಿತದ್ದು ನೆನಪಿಗೆ ಬಂತು: ಪ್ರತಿಷ್ಠಾಪನೆಯಲ್ಲಿ ಬದಲಾಗುವುದು ತಿರುಳು, ರೊಟ್ಟಿಯ ರೂಪ, ರುಚಿ, ಗುಣಗಳು ಹಾಗೆಯೇ ಉಳಿಯುತ್ತವೆ. ಹಾಗಾದರೆ ಆ ಮಗುವಿನ ಕರುಳಿಗೆ ಒಗ್ಗದ ಗುಣವೂ ಉಳಿಯುತ್ತದೆ. ಭಕ್ತಿಯ ಹೆಸರಿನಲ್ಲಿ ಅದನ್ನು ಇಲ್ಲವೆನ್ನುವ ಹಕ್ಕು ನನಗಿಲ್ಲ.

ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ಧರ್ಮಸಭೆಯ ಕಾನೂನು. ಗ್ಲುಟೆನ್ ಸ್ವಲ್ಪವೂ ಇಲ್ಲದ ರೊಟ್ಟಿ ಸಲ್ಲದು, ಬಹಳ ಕಡಿಮೆ ಇರುವುದು ಸಲ್ಲುತ್ತದೆ, ಅದನ್ನೂ ಸ್ವೀಕರಿಸಲಾಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು ಎಂದು ರೋಮ್ 2003ರಲ್ಲಿ ಸ್ಪಷ್ಟಪಡಿಸಿ, 2017ರಲ್ಲಿ ಪುನಃ ನೆನಪಿಸಿದೆ. ನಾನು ಧರ್ಮಾಧ್ಯಕ್ಷರಿಗೆ ವಿಷಯ ತಿಳಿಸಿ, ಚಿಕ್ಕದೊಂದು ಪಾನಪಾತ್ರೆಯನ್ನು ಬೇರೆಯಾಗಿ ಇರಿಸಲು ನಿರ್ಧರಿಸಿದೆ. ನನ್ನ ಪಾತ್ರೆಗೆ ಪೂಜೆಯಲ್ಲಿ ರೊಟ್ಟಿಯ ತುಣುಕು ಬೀಳುವುದರಿಂದ ಅದು ಅವಳಿಗೆ ಆಗದು.

ಅವಳ ಅಜ್ಜಿಗೆ ಸಮಾಧಾನವಾಗಲಿಲ್ಲ. "ಎಲ್ಲರಿಗೂ ಪೂರ್ತಿ, ನಮ್ಮ ಮಗೀಗೆ ಅರ್ಧ ಪ್ರಸಾದನಾ ಸ್ವಾಮಿ?" ಎಂದರು. "ಅಜ್ಜಿ, ನೀವು ಇಷ್ಟು ವರ್ಷ ರೊಟ್ಟಿಯ ರೂಪದಲ್ಲಿ ಮಾತ್ರ ತೆಗೆದುಕೊಂಡಿರಿ. ನಿಮಗೆ ಸಿಕ್ಕಿದ್ದು ಅರ್ಧ ಯೇಸುಸ್ವಾಮಿಯೇ?" ಎಂದು ಕೇಳಿದೆ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು.

ಹಬ್ಬದ ದಿನ ಆ ಹುಡುಗಿ ಎಲ್ಲರಂತೆ ಬಿಳಿ ಉಡುಪಿನಲ್ಲಿ ಸಾಲಿನ ಮೊದಲಲ್ಲಿ ನಿಂತು, ಚಿಕ್ಕ ಪಾತ್ರೆಯಿಂದ ಒಂದು ಗುಟುಕು ಸ್ವೀಕರಿಸಿದಳು. ಪ್ರತಿವರ್ಷ ಪೂಜೆಯ ನಂತರ ಉಪ್ಪಿಟ್ಟು, ಕೇಸರಿಬಾತು ಇರುತ್ತಿತ್ತು. ಆ ವರ್ಷ ನಾನು ಹೇಳುವ ಮುನ್ನವೇ ತಾಯಂದಿರು ಸೇರಿ ಇಡ್ಲಿ, ಇಂಗಿಲ್ಲದ ಸಾಂಬಾರು, ಅಕ್ಕಿ ಪಾಯಸ ಮಾಡಿದ್ದರು. ಅವಳು ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು ಉಂಡಳು.

ಕೆಲವೇ ತಿಂಗಳಲ್ಲಿ ತೂಕ ಏರಿತು, ಮುಖಕ್ಕೆ ರಕ್ತ ಬಂತು. ಎತ್ತರ ನಿಧಾನವಾಗಿ ಹಿಂದೆ ಬಂತು. ತಡವಾಗಿ ತಿಳಿದುದರಿಂದ ಕಳೆದುಕೊಂಡ ಎತ್ತರವೆಲ್ಲ ಮರಳಿ ಸಿಗದಿರಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಈಗಲೂ ಅವಳು ತನ್ನ ವಯಸ್ಸಿನವರಿಗಿಂತ ಸ್ವಲ್ಪ ಗಿಡ್ಡವೇ. ಆದರೆ ಗಟ್ಟಿಯಾಗಿದ್ದಾಳೆ, ಗಾಯನವೃಂದದಲ್ಲಿ ಹಾಡುತ್ತಾಳೆ.

ಯಾಯಿರನ ಮಗಳನ್ನು ಸಾವಿನಿಂದ ಎಬ್ಬಿಸಿದ ಕೂಡಲೇ ಯೇಸುಸ್ವಾಮಿ ಅವಳಿಗೆ ಊಟ ಕೊಡುವಂತೆ ಮನೆಯವರಿಗೆ ಹೇಳಿದರೆಂದು ಮಾರ್ಕನು ಬರೆದಿದ್ದಾನೆ. ಸುತ್ತಲಿನವರು ಅದ್ಭುತ ಕಂಡು ಬೆರಗಾಗಿ ನಿಂತಿದ್ದಾಗ ಮಗುವಿನ ಹಸಿವು ನೆನಪಾದದ್ದು ಅವರಿಗೆ. ಆ ಮಗುವಿಗೆ ಏನು ಒಗ್ಗುತ್ತದೆಂದು ಅವಳ ಮನೆಯವರಿಗೆ ತಿಳಿದಿತ್ತು. ನಾನೋ ಕೇಳದೆಯೇ ಕೊಟ್ಟಿದ್ದೆ.

ಓದುಗ ತಂದೆತಾಯಂದಿರಲ್ಲಿ ಒಂದು ಮಾತು. ನಿಮ್ಮ ಮಗು ಉಂಡರೂ ಬೆಳೆಯುತ್ತಿಲ್ಲವೆಂದರೆ ವೈದ್ಯರನ್ನು ಕಾಣಿರಿ. ಈ ಕಾಯಿಲೆಯ ಸಂಶಯವಿದ್ದರೆ ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೆ ಹೋಗಬಹುದು. ಒಬ್ಬರಿಗೆ ಇದೆಯೆಂದು ತಿಳಿದರೆ ಒಡಹುಟ್ಟಿದವರನ್ನೂ ಪರೀಕ್ಷಿಸಿರಿ.

ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳನ್ನು ಈಗಲೂ ಎತ್ತರದ ಪ್ರಕಾರವೇ ನಿಲ್ಲಿಸುತ್ತೇನೆ. ಆದರೆ ಮೊದಲಲ್ಲಿ ನಿಂತ ಮಗುವಿನ ತಾಯಿಯನ್ನು ನಾಲ್ವರ ಮುಂದೆ ಪ್ರಶ್ನಿಸುವುದಿಲ್ಲ. ಪಕ್ಕಕ್ಕೆ ಕರೆದು, ಕುಳಿತುಕೊಳ್ಳಲು ಹೇಳಿ, ಆಕೆ ಹೇಳುವುದನ್ನು ಪೂರ್ತಿ ಕೇಳುತ್ತೇನೆ.